ವಿದ್ಯಾರ್ಥಿಯ ಸಾಲಕ್ಕೆ ಜಾಮೀನು ಯಾರು?

1209ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನಲ್ಲಿ ಒಬ್ಬ ಹೆಂಗಸಿನ ಕೊಲೆಯಾಯಿತು. ಆರೋಪ ಹೊತ್ತ ವಿದ್ಯಾರ್ಥಿ ತಲೆಮರೆಸಿಕೊಂಡ. ಅವನು ಸಿಗದಿದ್ದಾಗ ಊರವರು ಅವನ ಜೊತೆ ಬಿಡಾರ ಹೂಡಿದ್ದ ಬೇರೆ ವಿದ್ಯಾರ್ಥಿಗಳನ್ನು ಹಿಡಿದು ನೇಣಿಗೆ ಹಾಕಿದರು. ಸಿಟ್ಟಿಗೆದ್ದ ಗುರುಗಳೂ ಶಿಷ್ಯರೂ ಊರು ಬಿಟ್ಟು ಚದುರಿಹೋದರು. ಅವರಲ್ಲಿ ಕೆಲವರು ಹೋಗಿ ನೆಲೆ ನಿಂತ ಜಾಗವೇ ಕೇಂಬ್ರಿಜ್. ಐದು ವರ್ಷಗಳ ನಂತರ, 1214ರಲ್ಲಿ, ಪೋಪನ ಪ್ರತಿನಿಧಿಯ ಮುಂದೆ ರಾಜಿಯಾದಾಗ ಊರಿನ ಮೇಲೆ ಹಲವು ದಂಡಗಳು ಬಿದ್ದವು. ಬಡ ವಿದ್ಯಾರ್ಥಿಗಳಿಗಾಗಿ ವರ್ಷ ವರ್ಷವೂ ಇಂತಿಷ್ಟು ಹಣ ತೆರಬೇಕೆಂಬುದು ಅವುಗಳಲ್ಲಿ ಒಂದು. 1240ರಲ್ಲಿ ಲಿಂಕನ್ನಿನ ಬಿಷಪ್ ರಾಬರ್ಟ್ ಗ್ರೋಸ್‌ಟೆಸ್ಟ್ ಈ ಹಣವನ್ನು ಹಂಚಿ ಮುಗಿಸುವುದಕ್ಕಿಂತ ತಿರುಗುಬಂಡವಾಳವಾಗಿ ಇಡುವುದು ಲೇಸೆಂದು ಕಂಡ. ಸೇಂಟ್ ಫ್ರೈಡ್ಸ್‌ವೈಡ್ ಮಠದಲ್ಲಿ ಒಂದು ಪೆಟ್ಟಿಗೆ ಇರಿಸಿ, ಅದರಿಂದ ವಿದ್ಯಾರ್ಥಿಗಳಿಗೆ ಸಾಲ ಕೊಡುವ ಏರ್ಪಾಡಾಯಿತು. ವಿದ್ಯಾರ್ಥಿಗಳೆಂಬ ಕಾರಣಕ್ಕೇ ಸಾಲ ಕೊಡುವ ಸಂಸ್ಥೆಗಳಲ್ಲಿ ದಾಖಲೆ ಚೆನ್ನಾಗಿ ಉಳಿದಿರುವ ತೀರ ಹಳೆಯವುಗಳಲ್ಲಿ ಇದು ಒಂದು.

ಈ ಪೆಟ್ಟಿಗೆ ನಡೆಯುತ್ತಿದ್ದ ರೀತಿಯನ್ನು ವಿವರವಾಗಿ ನೋಡಬೇಕು, ಏಕೆಂದರೆ ಮುಂದಿನ ಏಳೆಂಟು ಶತಮಾನಗಳ ಕಥೆಗೆ ಇದೇ ಅಳತೆಗೋಲು. ಸಾಲಕ್ಕೆ ಬಡ್ಡಿ ಇರಲಿಲ್ಲ, ಆದರೆ ಅಡವು ಇಡಲೇಬೇಕಿತ್ತು. ಬಡ ವಿದ್ಯಾರ್ಥಿಯ ಬಳಿ ಅಡವಿಗೆ ಏನಿರುತ್ತದೆ? ಪುಸ್ತಕ. ಅಚ್ಚಿನ ಯಂತ್ರ ಬರುವ ಮುಂಚಿನ ಆ ಕಾಲದಲ್ಲಿ ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ ಒಂದು ಪುಸ್ತಕ ಸಣ್ಣ ಆಸ್ತಿಯೇ ಆಗಿತ್ತು. ವಿಶ್ವವಿದ್ಯಾಲಯವೇ ನೇಮಿಸಿದ ಪುಸ್ತಕ ವ್ಯಾಪಾರಿ ಅದಕ್ಕೆ ಬೆಲೆ ಕಟ್ಟುತ್ತಿದ್ದ. ಸಾಲದ ಮೊತ್ತ ಆ ಬೆಲೆಗಿಂತ ಕಡಿಮೆ ಇರಬೇಕಿತ್ತು. ಪೆಟ್ಟಿಗೆ ಕಾಯುತ್ತಿದ್ದವರು ಅಲ್ಲಿನ ಗುರುಗಳೇ. ಯಾರಿಗೆ ಎಷ್ಟು ಎಂಬುದಕ್ಕೂ ಮಿತಿಯಿತ್ತು: ಪಾಠ ಹೇಳುವ ಗುರುವಿಗೆ ಹೆಚ್ಚು, ಮೊದಲ ಪದವಿ ಮುಗಿಸಿದವನಿಗೆ ಅದಕ್ಕಿಂತ ಕಡಿಮೆ, ಇನ್ನೂ ಓದುತ್ತಿರುವವನಿಗೆ ಮತ್ತೂ ಕಡಿಮೆ. ಗೊತ್ತಾದ ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಪುಸ್ತಕ ಮಾರಾಟವಾಗುತ್ತಿತ್ತು, ಅಲ್ಲಿಗೆ ಸಾಲ ಮುಗಿಯಿತು. ಊರಿನಲ್ಲಿರುವ ಅಪ್ಪನಿಗೆ ಕಾಗದ ಹೋಗುತ್ತಿರಲಿಲ್ಲ. ದಾನಿಗಳು ಒಬ್ಬರ ಹಿಂದೊಬ್ಬರು ಇಂಥ ಪೆಟ್ಟಿಗೆಗಳನ್ನು ಸ್ಥಾಪಿಸಿದರು, ಸಾಲ ಪಡೆದವರು ಆ ದಾನಿಯ ಆತ್ಮಕ್ಕಾಗಿ ಪ್ರಾರ್ಥಿಸಬೇಕೆಂಬ ಕಟ್ಟಳೆಯೂ ಇತ್ತು. ಆ ಕಾಲದ ಎಷ್ಟೋ ಹಸ್ತಪ್ರತಿಗಳ ಕೊನೆಯ ಹಾಳೆಯಲ್ಲಿ ಯಾವ ದಿನ, ಯಾವ ಪೆಟ್ಟಿಗೆಯಲ್ಲಿ, ಯಾರ ಹೆಸರಿನಲ್ಲಿ ಅಡವಿಡಲಾಯಿತು ಎಂಬ ಟಿಪ್ಪಣಿಗಳು ಇಂದಿಗೂ ಉಳಿದಿವೆ. ಒಂದೇ ಪುಸ್ತಕ ಹಲವು ಸಲ ಹೋಗಿ ಬಂದದ್ದೂ ಅವುಗಳಿಂದ ತಿಳಿಯುತ್ತದೆ. ಕೇಂಬ್ರಿಜ್‌ನಲ್ಲಿ 1432ರ ಬಿಲ್ಲಿಂಗ್‌ಫರ್ಡ್ ಪೆಟ್ಟಿಗೆ ಕಾರ್ಪಸ್ ಕ್ರಿಸ್ಟಿ ಕಾಲೇಜಿನಲ್ಲಿ ಈಗಲೂ ಇದೆ.

ಇಂದು ವಿದ್ಯಾರ್ಥಿಗಳಿಗೆ ಕ್ರೆಡಿಟ್ ಕಾರ್ಡ್ ಕೊಡಬೇಕೆ, ಪ್ರಿಪೇಯ್ಡ್ ಕಾರ್ಡ್ ಸಾಕೆ ಎಂಬ ಮಾತು ಬಂದಾಗೆಲ್ಲ ವಾದ ಎರಡೇ ದಾರಿಯಲ್ಲಿ ನಡೆಯುತ್ತದೆ. ಒಂದು, ಬಡ್ಡಿ ಎಷ್ಟು ಎಂಬುದು. ಇನ್ನೊಂದು, ಈ ವಯಸ್ಸಿನವರಿಗೆ ಹಣದ ಮೇಲೆ ಹಿಡಿತ ಇದೆಯೇ ಎಂಬುದು. ಎರಡೂ ನಿಜವಾದ ಪ್ರಶ್ನೆಗಳೇ. ಆದರೆ ಇತಿಹಾಸವನ್ನು ಹಿಂದಿನಿಂದ ಓದಿಕೊಂಡು ಬಂದರೆ ಇವೆರಡಕ್ಕಿಂತ ಮುಖ್ಯವಾದ ಮೂರನೆಯದೊಂದು ಕಾಣುತ್ತದೆ. ದುಡಿಮೆ ಇಲ್ಲದ ವಿದ್ಯಾರ್ಥಿಗೆ ಸಾಲ ಕೊಡುವವನು ಯಾವ ಧೈರ್ಯದ ಮೇಲೆ ಕೊಡುತ್ತಾನೆ? ಅವನು ನೆಚ್ಚಿರುವ ಜಾಮೀನು ಯಾವುದು, ಅದು ಎಲ್ಲರ ಕಣ್ಣಿಗೆ ಕಾಣುವಂಥದೋ, ಮರೆಯಲ್ಲಿರುವುದೋ? ಜಾಮೀನು ಮೇಜಿನ ಮೇಲೆ ಇದ್ದಾಗ ಸಾಲ ಚಿಕ್ಕದಾಗಿಯೇ ಇತ್ತು, ತೀರುತ್ತಲೂ ಇತ್ತು. ಅದು ಮರೆಗೆ ಸರಿದಾಗೆಲ್ಲ ಸಾಲ ಬೆಳೆಯಿತು, ವಿದ್ಯಾರ್ಥಿಯನ್ನು ದಾಟಿ ಮನೆಮಂದಿಯ ಕೊರಳಿಗೆ ಬಿತ್ತು. ಅದನ್ನು ಮರೆಗೆ ಸರಿಯಲು ಬಿಟ್ಟದ್ದು ಅಥವಾ ಬಿಡದೆ ತಡೆದದ್ದು ಬಹುಪಾಲು ವಿದ್ಯಾಸಂಸ್ಥೆಯೇ ಎಂಬುದು ಈ ಬರಹದ ವಾದ.

ಬಡ್ಡಿಯ ಮಾತನ್ನು ಮೊದಲು ಮುಗಿಸಿಬಿಡಬಹುದು. ಪೆಟ್ಟಿಗೆ ಇಲ್ಲದ ವಿದ್ಯಾರ್ಥಿ ಹೋಗುತ್ತಿದ್ದದ್ದು ಲೇವಾದೇವಿಗಾರರ ಬಳಿಗೆ. ಕ್ರೈಸ್ತರಿಗೆ ಬಡ್ಡಿ ವ್ಯವಹಾರ ಧರ್ಮನಿಷಿದ್ಧವಾಗಿದ್ದ ಆ ಕಾಲದಲ್ಲಿ ಈ ಕಸುಬು ಹೆಚ್ಚಾಗಿ ಯಹೂದಿಗಳ ಪಾಲಿಗೆ ಬಂದಿತ್ತು. ಅವರ ಗಳಿಕೆಯ ದೊಡ್ಡ ಭಾಗವನ್ನು ಅರಸರೇ ತೆರಿಗೆಯಾಗಿ ಕಿತ್ತುಕೊಳ್ಳುತ್ತಿದ್ದರು, ಕೊನೆಗೆ 1290ರಲ್ಲಿ ಅವರನ್ನು ಇಂಗ್ಲೆಂಡಿನಿಂದಲೇ ಹೊರಹಾಕಲಾಯಿತು. 1240ರ ದಶಕದಲ್ಲಿ ಮೂರನೇ ಹೆನ್ರಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳಿಂದ ವಾರಕ್ಕೆ ಪೌಂಡಿಗೆ 2 ಪೆನ್ನಿಗಿಂತ ಹೆಚ್ಚು ಬಡ್ಡಿ ವಸೂಲು ಮಾಡಬಾರದೆಂದು ಮಿತಿ ಹಾಕಿದ. ಆಗ ಪೌಂಡಿಗೆ 240 ಪೆನ್ನಿ. ಲೆಕ್ಕ ಹಾಕಿದರೆ ವರ್ಷಕ್ಕೆ ಶೇಕಡಾ 43. ವಿದ್ಯಾರ್ಥಿಗಳಿಗೆ ಅರಸ ತೋರಿಸಿದ ದಯೆ ಇದು! ನಮ್ಮ ದೇಶದಲ್ಲಿ ಇಂದು ಬಾಕಿ ಉಳಿಸಿಕೊಂಡ ಕ್ರೆಡಿಟ್ ಕಾರ್ಡಿಗೆ ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ ಹಾಕುವುದು ಸಾಮಾನ್ಯ, ಅಂದರೆ ವರ್ಷಕ್ಕೆ ಶೇಕಡಾ 42. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಶೇಕಡಾ 30ಕ್ಕಿಂತ ಹೆಚ್ಚಿನ ಬಡ್ಡಿ ಅನ್ಯಾಯದ ವ್ಯಾಪಾರವೆಂದು ಹೇಳಿತ್ತು. ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಎಂಟು ಶತಮಾನ ಕಳೆದರೂ ಅಡವಿಲ್ಲದ ಸಣ್ಣ ಸಾಲದ ಬಡ್ಡಿ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಹಾಗಾಗಿ ಒಂದು ಕಾಲದ ಸಾಲ ವಿದ್ಯಾರ್ಥಿಯನ್ನು ಉಳಿಸಿತು, ಇನ್ನೊಂದು ಕಾಲದ್ದು ಮುಳುಗಿಸಿತು ಎಂಬ ವ್ಯತ್ಯಾಸವನ್ನು ಬಡ್ಡಿಯ ದರವೊಂದರಿಂದಲೇ ವಿವರಿಸಲಾಗದು.

ಪೆಟ್ಟಿಗೆಗಳ ಕಾಲ 16ನೇ ಶತಮಾನದ ಹೊತ್ತಿಗೆ ಮುಗಿಯುತ್ತ ಬಂದಿತು. ಅಚ್ಚಿನ ಪುಸ್ತಕ ಬಂದ ಮೇಲೆ ಪುಸ್ತಕದ ಅಡವಿನ ಬೆಲೆ ಕುಸಿದದ್ದೂ ಅದಕ್ಕೆ ಒಂದು ಕಾರಣವಿರಬೇಕು. ಮುಂದೆ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಬಂದ ಹುಡುಗರಲ್ಲಿ ಜಮೀನುದಾರರ, ಪಾದ್ರಿಗಳ, ವಕೀಲರ ಮಕ್ಕಳು ಹೆಚ್ಚಾದರು. ಅವರಿಗೆ ಸಾಲ ಕೊಟ್ಟವರು ಊರಿನ ದರ್ಜಿಗಳು, ಮದ್ಯದ ವ್ಯಾಪಾರಿಗಳು, ಕುದುರೆ ಬಾಡಿಗೆ ಕೊಡುವವರು. ಎಲ್ಲವೂ ಉದ್ರಿ. ಅಡವಿಲ್ಲ, ಬರವಣಿಗೆಯಲ್ಲಿ ಬಡ್ಡಿಯೂ ಇಲ್ಲ. ಆದರೆ ಹಣ ತಡವಾಗಿ ಬರುತ್ತದೆಂದು ಸರಕಿನ ಬೆಲೆಯನ್ನೇ ಏರಿಸಿ ಬರೆಯುತ್ತಿದ್ದರು, ಆಗಲೇ ನಗದು ಕೊಡುವ ಬಡ ವಿದ್ಯಾರ್ಥಿಯೂ ಅದೇ ಬೆಲೆ ತೆರಬೇಕಾಗುತ್ತಿತ್ತು. ಕಾಯಿದೆಯ ಪ್ರಕಾರ 21 ತುಂಬದವನು ಅಪ್ರಾಪ್ತ, ಅವನಿಂದ ಸಾಲ ವಸೂಲು ಮಾಡುವುದು ಕಷ್ಟ. ವ್ಯಾಪಾರಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೊಟ್ಟರು, ಏಕೆಂದರೆ ಅವರ ಲೆಕ್ಕದಲ್ಲಿ ಸಾಲಗಾರ ಹುಡುಗನಲ್ಲ, ಅವನ ಅಪ್ಪ. ಪದವಿ ಪಡೆಯುವ ಹೊತ್ತಿಗೆ ಎಲ್ಲ ಬಿಲ್ಲುಗಳೂ ಒಟ್ಟಿಗೆ ಬರುತ್ತವೆ, ಮನೆತನದ ಮಾನಕ್ಕೆ ಅಂಜಿ ಅಪ್ಪ ತೀರಿಸುತ್ತಾನೆ. ಜಾಮೀನುದಾರನ ಸಹಿ ಎಲ್ಲೂ ಇಲ್ಲ, ಅವನಿಗೆ ಸುದ್ದಿಯೂ ಇಲ್ಲ. ಆದರೆ ಇಡೀ ವ್ಯಾಪಾರ ನಿಂತಿರುವುದು ಅವನ ಮೇಲೆ.

ವಿಶ್ವವಿದ್ಯಾಲಯಗಳು ಇದನ್ನು ಕಂಡೂ ಸುಮ್ಮನಿರಲಿಲ್ಲ ಎಂಬುದನ್ನು ಹೇಳಲೇಬೇಕು. ಕೇಂಬ್ರಿಜ್‌ನ ಅಧಿಕಾರಿಗಳು ನಿಯಮ ಮೀರಿ ಉದ್ರಿ ಕೊಟ್ಟ ವ್ಯಾಪಾರಿಗೆ ಒಂದು ಬಗೆಯ ಬಹಿಷ್ಕಾರ ಹಾಕುತ್ತಿದ್ದರು. ಅವನ ಅಂಗಡಿಯಲ್ಲಿ ಯಾವ ವಿದ್ಯಾರ್ಥಿಯೂ ವ್ಯವಹರಿಸಕೂಡದು ಎಂಬ ಆಜ್ಞೆ ಹೊರಡುತ್ತಿತ್ತು. ವಿದ್ಯಾರ್ಥಿಗಳನ್ನೇ ನಂಬಿದ ಊರಿನಲ್ಲಿ ಅದು ಅಂಗಡಿ ಮುಚ್ಚಿಸುವಷ್ಟು ಕಠಿಣವಾದ ಶಿಕ್ಷೆ. ಆಕ್ಸ್‌ಫರ್ಡನ್ನು ತನಿಖೆ ಮಾಡಿದ ರಾಜ ಆಯೋಗ 1852ರ ತನ್ನ ವರದಿಯಲ್ಲಿ ವಿದ್ಯಾರ್ಥಿಗಳ ಉದ್ರಿಯನ್ನೂ ದುಂದುವೆಚ್ಚವನ್ನೂ ಚರ್ಚಿಸಿತು. ನ್ಯಾಯಾಲಯ ಕೊಟ್ಟ ಉತ್ತರ 1908ರ ನ್ಯಾಶ್ ವಿರುದ್ಧ ಇನ್‌ಮನ್ ಮೊಕದ್ದಮೆಯಲ್ಲಿದೆ. ಲಂಡನ್ನಿನ ಸ್ಯಾವಿಲ್ ರೋ ಬೀದಿಯ ದರ್ಜಿಯೊಬ್ಬ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗನಿಗೆ 1902ರ ಅಕ್ಟೋಬರಿನಿಂದ 1903ರ ಜೂನ್‌ವರೆಗೆ ಬಟ್ಟೆ ಹೊಲಿದು ಕೊಟ್ಟು, ಸುಮಾರು 123 ಪೌಂಡಿಗೆ ದಾವೆ ಹೂಡಿದ. ಆ ಬಟ್ಟೆಗಳಲ್ಲಿ 11 ಅಲಂಕಾರದ ವೇಸ್ಟ್‌ಕೋಟುಗಳಿದ್ದವು. ಅಪ್ರಾಪ್ತನಿಂದ ಹಣ ಕೇಳಬೇಕಾದರೆ ಕೊಟ್ಟ ವಸ್ತು ಅವನ ಅಂತಸ್ತಿಗೆ ಒಪ್ಪುವುದಷ್ಟೇ ಅಲ್ಲ, ಆಗ ಅವನಿಗೆ ನಿಜಕ್ಕೂ ಅಗತ್ಯವಿತ್ತು ಎಂದು ವ್ಯಾಪಾರಿಯೇ ರುಜುವಾತು ಮಾಡಬೇಕು ಎಂದಿತು ಮೇಲ್ಮನವಿ ನ್ಯಾಯಾಲಯ. ಅಪ್ಪ ಆಗಲೇ ಮಗನಿಗೆ ಸಾಕಷ್ಟು ಬಟ್ಟೆ ಮಾಡಿಸಿಕೊಟ್ಟಿದ್ದ. ದರ್ಜಿ ಸೋತ. ಮರೆಯಲ್ಲಿರುವ ಜಾಮೀನುದಾರನನ್ನು ನೆಚ್ಚಿ ಸಾಲ ಕೊಟ್ಟರೆ ನಷ್ಟ ಕೊಟ್ಟವನದೇ ಎಂಬುದು ಈ ತೀರ್ಪಿನ ಪರಿಣಾಮ.

ಭಾರತದಲ್ಲಿ ಕಾಯಿದೆ ಇನ್ನೂ ಬಿಗಿಯಾಗಿತ್ತು, ಒಂದು ಕಡೆ ಸಡಿಲವೂ ಆಗಿತ್ತು. 1872ರ ಕರಾರು ಕಾಯಿದೆಯ ಅಡಿಯಲ್ಲಿ ಅಪ್ರಾಪ್ತನ ಕರಾರು ಹುಟ್ಟಿನಿಂದಲೇ ಶೂನ್ಯವೆಂದು 1903ರ ಮೊಹೋರಿ ಬೀಬಿ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿತು. ಆದರೆ 1875ರ ಕಾಯಿದೆ ಪ್ರಾಪ್ತ ವಯಸ್ಸನ್ನು ಸಾಮಾನ್ಯವಾಗಿ 18ಕ್ಕೆ ನಿಲ್ಲಿಸಿದ್ದರಿಂದ ಕಾಲೇಜು ಹುಡುಗರಲ್ಲಿ ಬಹಳ ಮಂದಿ ಅದರ ರಕ್ಷಣೆಯ ಹೊರಗೇ ಇದ್ದರು. ಆದರೂ ಕೇಂಬ್ರಿಜ್‌ನ ದರ್ಜಿಯಂಥವರು ಇಲ್ಲಿ ಬೆಳೆಯಲಿಲ್ಲ. ಕಾರಣ ಸರಳ: ಹಳೆಯ ಮೈಸೂರಿನ ಬಡ ವಿದ್ಯಾರ್ಥಿಯ ಹಿಂದೆ ಬಿಲ್ಲು ತೀರಿಸಬಲ್ಲ ಅಪ್ಪ ಇರಲಿಲ್ಲ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುವ ವಾರಾನ್ನ, ಮಠಗಳ ದಾಸೋಹ, ಸಿದ್ಧಗಂಗೆಯಂಥ ಕಡೆಯ ಉಚಿತ ಪ್ರಸಾದನಿಲಯ, ಬೆಂಗಳೂರಿನ ರೈಲು ನಿಲ್ದಾಣದ ಬಳಿ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ, ಸಮುದಾಯಗಳು ಕಟ್ಟಿದ ಹಾಸ್ಟೆಲುಗಳು, ಇವು ಅವನ ಊಟ ವಸತಿಯ ಭಾರ ಹೊತ್ತವು. ಸಾಲದ ಜಾಗದಲ್ಲಿ ಇಲ್ಲಿ ದಾನವಿತ್ತು. ಇದನ್ನು ಬಣ್ಣಿಸುವಾಗ ಒಂದು ಮಾತು ಮರೆಯಬಾರದು. ವಾರಾನ್ನದ ಮನೆಗಳ ಬಾಗಿಲು ಜಾತಿ ನೋಡಿ ತೆರೆಯುತ್ತಿತ್ತು, ಹಾಸ್ಟೆಲುಗಳಲ್ಲೂ ಬಹಳಷ್ಟು ಒಂದೊಂದು ಸಮುದಾಯದವು. ದಾನದ ನೆರಳು ಬೀಳದ ಕಡೆ ಇದ್ದವರಿಗೆ ಸಾಲವೂ ಸಿಗಲಿಲ್ಲ, ಓದೂ ಸಿಗಲಿಲ್ಲ. ಹಾಗಾಗಿ ವಿದ್ಯಾರ್ಥಿಗೆ ಸಾಲವೇ ಬೇಡ ಎನ್ನುವವರ ಜೊತೆ ನನ್ನ ಒಪ್ಪಿಗೆ ಇಲ್ಲ. 2001ರಲ್ಲಿ ಬ್ಯಾಂಕುಗಳ ಸಂಘ ಶಿಕ್ಷಣ ಸಾಲದ ಮಾದರಿ ಯೋಜನೆ ತಂದಾಗ 4 ಲಕ್ಷದವರೆಗೆ ಆಸ್ತಿಯ ಅಡವು ಬೇಡವೆಂದಿತು, ಆದರೆ ತಂದೆ ಅಥವಾ ತಾಯಿ ಸಹಸಾಲಗಾರರಾಗಿ ರುಜು ಹಾಕಬೇಕೆಂದಿತು. ಆ ಸಾಲಕ್ಕೆ ಅದರದೇ ಕಷ್ಟಗಳಿವೆ. ಆದರೆ ಹೊಣೆ ಹೊರುವವರು ಯಾರು ಎಂಬುದು ಮೊದಲ ದಿನವೇ ಕಾಗದದ ಮೇಲಿದೆ. ಮನೆಯವರು ಕೂತು ಮಾತಾಡಿ, ಅಳೆದು ಸುರಿದು, ಆಮೇಲೆ ಸಹಿ ಹಾಕುತ್ತಾರೆ.

ಇನ್ನು ಕಾರ್ಡಿನ ಕಥೆ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕಾ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರಿನ 60,000 ಮಂದಿಗೆ, ಯಾರೂ ಕೇಳದಿದ್ದರೂ, ಅಂಚೆಯಲ್ಲಿ ಕಾರ್ಡುಗಳನ್ನು ಕಳಿಸಿತು. ಕೇಳದವರಿಗೆ ಹೀಗೆ ಕಾರ್ಡು ಕಳಿಸುವುದನ್ನು ಅಮೆರಿಕ 1970ರಲ್ಲಿ ನಿಷೇಧಿಸಿತು. ಮರುವರ್ಷ ಸಂವಿಧಾನದ 26ನೇ ತಿದ್ದುಪಡಿ ಮತದಾನದ ವಯಸ್ಸನ್ನು 18ಕ್ಕೆ ಇಳಿಸಿತು. ಹಿಂದೆಯೇ ಹೆಚ್ಚಿನ ರಾಜ್ಯಗಳು ಪ್ರಾಪ್ತ ವಯಸ್ಸನ್ನೂ 21ರಿಂದ 18ಕ್ಕೆ ಇಳಿಸಿದವು. ಯುದ್ಧಕ್ಕೆ ಕಳಿಸುವ ವಯಸ್ಸಿಗೆ ಮತವೂ ಇರಬೇಕೆಂಬ ನ್ಯಾಯವಾದ ಕೂಗಿನ ಫಲ ಅದು. ಅದರ ಜೊತೆಗೇ ದರ್ಜಿಯನ್ನು ಸೋಲಿಸಿದ್ದ ಹಳೆಯ ರಕ್ಷಣೆ ಸದ್ದಿಲ್ಲದೆ ಹೋಯಿತು. 1978ರಲ್ಲಿ ಮಾರ್ಕೆಟ್ ಬ್ಯಾಂಕಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ರಾಷ್ಟ್ರೀಯ ಬ್ಯಾಂಕೊಂದು ತಾನು ನೆಲೆಸಿರುವ ರಾಜ್ಯದ ಬಡ್ಡಿದರವನ್ನೇ ಬೇರೆ ರಾಜ್ಯದ ಗಿರಾಕಿಗಳಿಗೂ ಹಾಕಬಹುದೆಂದು ಹೇಳಿತು. ಬಡ್ಡಿಯ ಮಿತಿ ಇಲ್ಲದ ರಾಜ್ಯಗಳಿಗೆ ಕಾರ್ಡಿನ ವ್ಯಾಪಾರ ಗುಳೆ ಹೋಯಿತು. 1980ರ ದಶಕದ ಕೊನೆಯ ಹೊತ್ತಿಗೆ ಸಂಬಳದಾರರ ಮಾರುಕಟ್ಟೆ ತುಂಬಿತ್ತು. ಆಗ ಬ್ಯಾಂಕುಗಳ ಕಣ್ಣು ಕಾಲೇಜಿನ ಮೇಲೆ ಬಿತ್ತು. ಅಲ್ಲಿಯವರೆಗೆ ವಿದ್ಯಾರ್ಥಿಗೆ ಕಾರ್ಡು ಬೇಕಿದ್ದರೆ ಆದಾಯ ತೋರಿಸಬೇಕಿತ್ತು, ಇಲ್ಲವೇ ತಂದೆತಾಯಿ ಸಹಿ ಹಾಕಬೇಕಿತ್ತು. ಬ್ಯಾಂಕುಗಳು ಆ ಷರತ್ತನ್ನು ಕೈಬಿಟ್ಟವು. ಇದು ಉದಾರತೆಯಲ್ಲ. ಮಗ ಸಿಕ್ಕಿಹಾಕಿಕೊಂಡರೆ ಸಹಿ ಇರಲಿ ಬಿಡಲಿ ಅಪ್ಪ ಅಮ್ಮ ತೀರಿಸುತ್ತಾರೆ ಎಂಬ, ಕೇಂಬ್ರಿಜ್‌ನ ಅಂಗಡಿಯವರಿಗೆ ಗೊತ್ತಿದ್ದ ಅದೇ ಲೆಕ್ಕ. ಅದರ ಜೊತೆ ಇನ್ನೊಂದು ಅಡವು ಸೇರಿತ್ತು, ಪದವೀಧರನಾದ ಮೇಲೆ ಅವನಿಗೆ ಬರಲಿರುವ ಸಂಬಳ.

ಕೇಂಬ್ರಿಜ್‌ಗೂ ಅಮೆರಿಕಕ್ಕೂ ಇದ್ದ ದೊಡ್ಡ ವ್ಯತ್ಯಾಸ ವಿದ್ಯಾಸಂಸ್ಥೆ ನಿಂತ ಜಾಗ. ಅಲ್ಲಿ ವಿಶ್ವವಿದ್ಯಾಲಯ ವ್ಯಾಪಾರಿಗೆ ಬಹಿಷ್ಕಾರ ಹಾಕಿತ್ತು. ಇಲ್ಲಿ ವ್ಯಾಪಾರಿಯ ಜೊತೆ ಪಾಲುದಾರಿಕೆಗೆ ಇಳಿಯಿತು. ಕಾಲೇಜಿನ ಮೊದಲ ವಾರ ಅಂಗಳದಲ್ಲಿ ಮೇಜು ಹಾಕಿ, ಅರ್ಜಿ ತುಂಬಿದವರಿಗೆ ಟೀ ಶರ್ಟು, ಪಿಜ್ಜಾ ಹಂಚಿ ಕಾರ್ಡು ಮಾಡಿಸುವುದಕ್ಕೆ ಅನುಮತಿ ಕೊಟ್ಟದ್ದು ಕಾಲೇಜುಗಳೇ. ಇನ್ನೂ ಮುಂದೆ ಹೋಗಿ, ವಿಶ್ವವಿದ್ಯಾಲಯದ ಲಾಂಛನವಿರುವ ಕಾರ್ಡಿಗೆ ಹಕ್ಕು ಮಾರಿ, ವಿದ್ಯಾರ್ಥಿಗಳ ಹೆಸರು ವಿಳಾಸಗಳ ಪಟ್ಟಿಯನ್ನೂ ಬ್ಯಾಂಕಿಗೆ ಒದಗಿಸಿದವು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ ಬ್ಯಾಂಕ್ ಆಫ್ ಅಮೆರಿಕಾ ಜೊತೆ ಮಾಡಿಕೊಂಡ ಇಂಥ ಏಳು ವರ್ಷದ ಒಪ್ಪಂದದ ಬೆಲೆ 84 ಲಕ್ಷ ಡಾಲರ್. ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಯಿತು. ಸಮಾಜಶಾಸ್ತ್ರಜ್ಞ ರಾಬರ್ಟ್ ಮ್ಯಾನಿಂಗ್ 1999ರಲ್ಲಿ ಕಾಲೇಜು ಆವರಣಗಳ ಕಾರ್ಡು ಸಾಲದ ಬಗ್ಗೆ ವರದಿ ಬರೆದಾಗ, ಕಾಣುವ ಅಂಕಿಗಳಿಗಿಂತ ಹೊರೆ ದೊಡ್ಡದೆಂದು ಎಚ್ಚರಿಸಿದ್ದರು. ಕಾರ್ಡಿನ ಬಾಕಿಯನ್ನು ಶಿಕ್ಷಣ ಸಾಲದ ಹಣದಿಂದಲೋ ಮನೆಯವರ ಹಣದಿಂದಲೋ ತೀರಿಸಿದಾಗ ಕಾರ್ಡಿನ ಲೆಕ್ಕ ಶುದ್ಧವಾಗಿ ಕಾಣುತ್ತದೆ, ಸಾಲ ಮಾತ್ರ ಬೇರೆ ಹೆಸರಿನಲ್ಲಿ ಉಳಿದಿರುತ್ತದೆ. ಸ್ಯಾಲಿ ಮೇ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಪದವಿ ಓದುತ್ತಿದ್ದವರಲ್ಲಿ ಶೇಕಡಾ 84 ಮಂದಿಯ ಬಳಿ ಒಂದಾದರೂ ಕಾರ್ಡಿತ್ತು, ಅರ್ಧದಷ್ಟು ಮಂದಿಯ ಬಳಿ ನಾಲ್ಕು ಅಥವಾ ಹೆಚ್ಚು. ಸರಾಸರಿ ಬಾಕಿ 3,173 ಡಾಲರ್.

2009ರ ಮೇ 22ರಂದು ಒಬಾಮಾ ಸಹಿ ಹಾಕಿದ ಕ್ರೆಡಿಟ್ ಕಾರ್ಡ್ ಕಾಯಿದೆಯಲ್ಲಿ ವಿದ್ಯಾರ್ಥಿಗಳ ಬಗ್ಗೆ ಇರುವ ಭಾಗವನ್ನು ಈ ಹಿನ್ನೆಲೆಯಲ್ಲಿ ಓದಬೇಕು. 21 ತುಂಬದವರಿಗೆ ಕಾರ್ಡು ಬೇಕಿದ್ದರೆ ಸ್ವಂತ ಆದಾಯ ತೋರಿಸಬೇಕು, ಇಲ್ಲವೇ 21 ದಾಟಿದ ಒಬ್ಬರು ಜೊತೆಗೆ ಸಹಿ ಹಾಕಬೇಕು. ಆವರಣದಲ್ಲೂ ಅದರ ಸಮೀಪದಲ್ಲೂ ಉಡುಗೊರೆ ಕೊಟ್ಟು ಅರ್ಜಿ ಬರೆಸುವಂತಿಲ್ಲ. ಕಾಲೇಜು ಬ್ಯಾಂಕಿನ ಜೊತೆ ಮಾಡಿಕೊಂಡ ಒಪ್ಪಂದ ಸಾರ್ವಜನಿಕವಾಗಬೇಕು. ಬಡ್ಡಿಗೆ ಈ ಕಾಯಿದೆ ಮಿತಿ ಹಾಕಲಿಲ್ಲ ಎಂಬುದನ್ನು ಗಮನಿಸಬೇಕು. ಅದು ಮಾಡಿದ್ದು ಮರೆಯಲ್ಲಿದ್ದ ಜಾಮೀನುದಾರನನ್ನು ಮುಂದೆ ಕರೆದು ಸಹಿ ಹಾಕಿಸಿದ್ದು, ಕಾಲೇಜಿನ ಕೈಗೆ ಬರುವ ಹಣವನ್ನು ಬೆಳಕಿಗೆ ತಂದದ್ದು. 2009ರ ಲೆಕ್ಕ ಹೊರಬಿದ್ದಾಗ ಒಪ್ಪಂದಗಳು ಸಾವಿರಕ್ಕೂ ಹೆಚ್ಚು, ಬ್ಯಾಂಕುಗಳು ಕೊಟ್ಟ ಹಣ ಆ ಒಂದೇ ವರ್ಷ 8 ಕೋಟಿ ಡಾಲರಿಗೂ ಮೀರಿದ್ದು ಎಂದು ಜನಕ್ಕೆ ತಿಳಿಯಿತು. ಆಮೇಲೆ ಒಪ್ಪಂದಗಳ ಸಂಖ್ಯೆ ಇಳಿಯುತ್ತ ಹೋಯಿತು.

ಇಲ್ಲಿ ಎರಡು ಆಕ್ಷೇಪಗಳಿವೆ, ಎರಡೂ ಹಗುರವಾದವಲ್ಲ. ಮೊದಲನೆಯದು ಸ್ವಾತಂತ್ರ್ಯದ್ದು. ಮತ ಹಾಕುವ, ಮದುವೆಯಾಗುವ, ಸೈನ್ಯ ಸೇರುವ ವಯಸ್ಕನಿಗೆ ಕಾರ್ಡು ಮಾತ್ರ ಕೊಡಬಾರದೆನ್ನುವುದು ಅವನನ್ನು ಮಗುವಾಗಿಸಿದಂತೆ. ಅದರಲ್ಲೂ ಸಹಿ ಹಾಕಲು ಅಪ್ಪ ಅಮ್ಮ ಇಲ್ಲದವನಿಗೆ ಇದು ಎರಡು ಪಟ್ಟು ಅನ್ಯಾಯ. ಆದರೆ ಕಾಯಿದೆ ವಯಸ್ಸನ್ನಷ್ಟೇ ನೋಡಿ ಬಾಗಿಲು ಮುಚ್ಚಿಲ್ಲ. ದುಡಿಯುವ 19ರ ಹುಡುಗಿ ತನ್ನ ಆದಾಯದ ಮೇಲೆ ತಾನೇ ಕಾರ್ಡು ಪಡೆಯಬಹುದು. ಅಡ್ಡಿ ಇರುವುದು ಅವಳಿಗಲ್ಲ, ಅವಳಿಗೆ ಸಾಲ ಕೊಡುತ್ತ ಬೇರೆಯವರ ಜೇಬನ್ನು ಎಣಿಸುವವನಿಗೆ. ಒಬ್ಬಳನ್ನು ನಿಜವಾಗಿ ವಯಸ್ಕಳೆಂದು ನೋಡುವುದೆಂದರೆ ಅವಳ ಶಕ್ತಿಗೆ ತಕ್ಕ ಸಾಲ ಕೊಡುವುದು. ಎರಡನೆಯ ಆಕ್ಷೇಪ ಅಂಕಿಅಂಶದ್ದು: ಆ ಒಪ್ಪಂದಗಳಲ್ಲಿ ಹಲವು ಹಳೆಯ ವಿದ್ಯಾರ್ಥಿ ಸಂಘಗಳ ಜೊತೆ ಆದವು, ಕಾರ್ಡು ಪಡೆದವರಲ್ಲಿ ದುಡಿಯುವ ಪದವೀಧರರೂ ಬಹಳ, ಆದ್ದರಿಂದ ಕಾಲೇಜುಗಳನ್ನು ದೂರುವುದು ಅತಿಯಾಯಿತು ಎನ್ನುವುದು. ಮೊದಲ ಭಾಗ ನಿಜ, ಒಪ್ಪಬೇಕು. ಆದರೆ ಯಾವ ಒಪ್ಪಂದ ಯಾರ ಬಗ್ಗೆ ಎಂಬುದು ಕಾಯಿದೆ ಬಂದು ಕಾಗದಗಳನ್ನು ಹೊರಗೆಳೆದ ಮೇಲಷ್ಟೇ ಖಚಿತವಾಗಿ ಗೊತ್ತಾಗುವಂತಾಯಿತು. ದೂರಿಗೆ ಕೊಡುವ ಈ ಉತ್ತರವೇ ಒಪ್ಪಂದಗಳು ಬಹಿರಂಗವಾಗಬೇಕೆಂಬುದಕ್ಕೆ ಸಾಕ್ಷಿ.

ಹಾಗಾದರೆ ಪ್ರಿಪೇಯ್ಡ್ ಕಾರ್ಡು ನಿರಪಾಯವೇ? ಮೊದಲೇ ತುಂಬಿದ ಹಣವನ್ನಷ್ಟೇ ಖರ್ಚು ಮಾಡುವ ಕಾರ್ಡಿನಲ್ಲಿ ಸಾಲವೇ ಇಲ್ಲ, ಇನ್ನು ಜಾಮೀನಿನ ಮಾತೆಲ್ಲಿಂದ ಎನಿಸುವುದು ಸಹಜ. ಆದರೆ ಸಾಲವಿಲ್ಲದ ಕಾರ್ಡಿನಲ್ಲೂ ಅಪಾಯವಿದೆ. ಅಮೆರಿಕದಲ್ಲಿ ಸರ್ಕಾರದ ವಿದ್ಯಾರ್ಥಿ ನೆರವು ಮೊದಲು ಕಾಲೇಜಿಗೆ ಬರುತ್ತದೆ, ಶುಲ್ಕ ಮುರಿದುಕೊಂಡು ಮಿಕ್ಕಿದ್ದನ್ನು ಕಾಲೇಜು ವಿದ್ಯಾರ್ಥಿಗೆ ಕೊಡುತ್ತದೆ. ಊಟಕ್ಕೂ ಬಾಡಿಗೆಗೂ ಇರುವ ಹಣ ಅದು. ಚೆಕ್ಕು ಬರೆಯುವ ತಾಪತ್ರಯ ತಪ್ಪಿಸಿಕೊಳ್ಳಲು ಎಷ್ಟೋ ಕಾಲೇಜುಗಳು ಈ ಕೆಲಸವನ್ನು ಹೊರಗಿನ ಕಂಪನಿಗಳಿಗೆ ವಹಿಸಿದವು. 2000ದಲ್ಲಿ ಯೇಲ್ ವಿದ್ಯಾರ್ಥಿಗಳು ಕಟ್ಟಿದ ಹೈಯರ್ ಒನ್ ಅವುಗಳಲ್ಲಿ ದೊಡ್ಡದು. ಕಾಲೇಜಿನ ಹೆಸರಿರುವ ಕಾರ್ಡು ಮನೆಗೆ ಬರುತ್ತದೆ, ನೆರವಿನ ಹಣ ಅದರ ಖಾತೆಗೇ ಬೀಳುತ್ತದೆ, ಬಳಸಿದಾಗೊಂದು ಶುಲ್ಕ, ಹಣ ಸಾಲದಾದಾಗೊಂದು ಶುಲ್ಕ. ಬ್ಯಾಂಕ್ ಠೇವಣಿಗಳಿಗೆ ವಿಮೆ ಕೊಡುವ ಸಂಯುಕ್ತ ನಿಗಮ 2012ರ ಆಗಸ್ಟಿನಲ್ಲಿ ಕ್ರಮ ಕೈಗೊಂಡಾಗ ಕಂಪನಿ ಸುಮಾರು 60,000 ವಿದ್ಯಾರ್ಥಿಗಳಿಗೆ 1.1 ಕೋಟಿ ಡಾಲರ್ ಹಿಂದಿರುಗಿಸಲು ಒಪ್ಪಬೇಕಾಯಿತು. ಒಂದೇ ವ್ಯವಹಾರಕ್ಕೆ ಮತ್ತೆ ಮತ್ತೆ ಶುಲ್ಕ ಹಾಕಿದ್ದು ಆರೋಪಗಳಲ್ಲಿ ಒಂದು. ಇಲ್ಲಿ ಸಾಲವಿಲ್ಲ, ಬಡ್ಡಿಯಿಲ್ಲ, ವಿದ್ಯಾರ್ಥಿಯ ದುಂದು ಕೂಡ ಇಲ್ಲ. ಇದ್ದದ್ದು ಕಾಲೇಜಿನ ಲಾಂಛನದ ಮೇಲಿನ ನಂಬಿಕೆ ಮತ್ತು ಬೇರೆ ದಾರಿ ಇದೆಯೆಂದು ತಿಳಿಯದ ಅಸಹಾಯಕತೆ. ಕಂಪನಿ ಆದಾಯ ಮಾಡಿಕೊಂಡದ್ದು ಇವುಗಳ ಮೇಲೆ. 2016ರ ಜುಲೈಯಿಂದ ಜಾರಿಗೆ ಬಂದ ಶಿಕ್ಷಣ ಇಲಾಖೆಯ ನಿಯಮಗಳು ವಿದ್ಯಾರ್ಥಿಗೆ ತನ್ನದೇ ಬ್ಯಾಂಕ್ ಖಾತೆಯನ್ನು ಆರಿಸುವ ಹಕ್ಕು ಕೊಟ್ಟವು, ಒಪ್ಪಂದಗಳನ್ನು ಪ್ರಕಟಿಸಲು ಕಾಲೇಜುಗಳಿಗೆ ಹೇಳಿದವು.

ಇದೇ ಕಥೆಯ ಒಂದು ಅಧ್ಯಾಯ ಬೆಂಗಳೂರಿನಲ್ಲಿ ನಡೆಯಿತು. ಕಾಲೇಜು ಹುಡುಗರಿಗೆ ಮೊಬೈಲ್, ಲ್ಯಾಪ್‌ಟಾಪುಗಳನ್ನು ಕಂತಿನ ಮೇಲೆ ಕೊಡಿಸುವ ಕ್ರೇಜಿಬೀ, ಸ್ಲೈಸ್‌ಪೇಯಂಥ ಕಂಪನಿಗಳು 2016ರ ಸುಮಾರಿಗೆ ಇಲ್ಲಿ ಹುಟ್ಟಿದವು. ಸಂಬಳದ ಚೀಟಿ ಇಲ್ಲದವರಿಗೆ ಬ್ಯಾಂಕು ಕೊಡದ ಸಾಲವನ್ನು ಇವು ಕೊಟ್ಟವು, ಆ ಅಗತ್ಯ ನಿಜವಾದದ್ದು. ಮುಂದೆ ಸ್ಲೈಸ್ ತಂದ ಕಾರ್ಡು ಕಾಗದದ ಮೇಲೆ ಪ್ರಿಪೇಯ್ಡ್, ಒಳಗೆ ತುಂಬುತ್ತಿದ್ದದ್ದು ಮಾತ್ರ ಸಾಲದ ಹಣ. 2022ರ ಜೂನ್ 20ರಂದು ರಿಸರ್ವ್ ಬ್ಯಾಂಕ್ ಪ್ರಿಪೇಯ್ಡ್ ಕಾರ್ಡುಗಳಿಗೆ ಸಾಲದ ಹಣ ತುಂಬುವಂತಿಲ್ಲವೆಂದು ತಿಳಿಸಿದ ಮೇಲೆ ಆ ಬಗೆಯ ಕಾರ್ಡುಗಳು ನಿಂತವು. ಹೊಸತನವನ್ನು ಹೊಸಕಿಹಾಕಿದರೆಂದು ಆಗ ಎದ್ದ ಕೂಗಿನಲ್ಲಿ ಒಂದಿಷ್ಟು ಹುರುಳಿತ್ತು, ಆದರೆ ಕೈಯಲ್ಲಿರುವುದು ಸ್ವಂತ ಹಣವೋ ಸಾಲವೋ ಎಂಬುದು ಹಿಡಿದವನಿಗೆ ಸ್ಪಷ್ಟವಿರಬೇಕೆಂಬುದು ಅದಕ್ಕಿಂತ ದೊಡ್ಡ ನ್ಯಾಯ. ಇವರೆಲ್ಲರಿಗಿಂತ ಕ್ರೂರರು ಯಾವ ಪರವಾನಗಿಯೂ ಇಲ್ಲದ ಸಾಲದ ಆ್ಯಪ್‌ಗಳವರು. ಅವರು ಅಡವು ಕೇಳಲಿಲ್ಲ, ಫೋನಿನಲ್ಲಿರುವ ಹೆಸರುಗಳ ಪಟ್ಟಿಯನ್ನು ತೆಗೆದುಕೊಂಡರು. ಕಂತು ತಪ್ಪಿದ ದಿನ ಅತ್ತೆ ಮಾವ, ಗೆಳೆಯರು, ಮೇಷ್ಟ್ರು ಎಲ್ಲರಿಗೂ ಕರೆ, ತಿದ್ದಿದ ಫೋಟೋ, ಬೈಗುಳ. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಮಾನವನ್ನೇ ಜಾಮೀನಾಗಿ ಹಿಡಿದದ್ದಕ್ಕೆ ಇದಕ್ಕಿಂತ ಬೆತ್ತಲಾದ ಉದಾಹರಣೆ ಇಲ್ಲ. 2022ರ ಸೆಪ್ಟೆಂಬರಿನ ಡಿಜಿಟಲ್ ಸಾಲದ ಮಾರ್ಗಸೂಚಿಯಲ್ಲಿ ರಿಸರ್ವ್ ಬ್ಯಾಂಕ್ ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿಯನ್ನು ಮುಟ್ಟಬಾರದೆಂದು ಸ್ಪಷ್ಟವಾಗಿ ಬರೆಯಬೇಕಾಯಿತು.

ಸಾಲದ ದಾಖಲೆ ಇಲ್ಲದೆ ಬದುಕು ಮುಂದೆ ಸಾಗದು, ಆದ್ದರಿಂದ ವಿದ್ಯಾರ್ಥಿಗೆ ಬೇಗ ಕಾರ್ಡು ಸಿಗಲೇಬೇಕು ಎನ್ನುವ ಮಾತೂ ಇದೆ. ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಅಮೆರಿಕಕ್ಕೆ ಎಂ.ಎಸ್. ಓದಲು ಹೋದವರಿಗೆ ಇದರ ಬಿಸಿ ಚೆನ್ನಾಗಿ ತಟ್ಟುತ್ತದೆ. ಇಲ್ಲಿಂದ ಡಾಲರ್ ತುಂಬಿಸಿಕೊಂಡು ಹೋದ ಪ್ರಿಪೇಯ್ಡ್ ಫಾರೆಕ್ಸ್ ಕಾರ್ಡು ಮೊದಲ ತಿಂಗಳುಗಳ ಖರ್ಚಿಗೆ ಒದಗುತ್ತದೆ, ಆದರೆ ಅದನ್ನು ಎಷ್ಟು ಬಳಸಿದರೂ ಅಲ್ಲಿನ ಸಾಲದ ದಾಖಲೆಯಲ್ಲಿ ಒಂದು ಗೆರೆಯೂ ಮೂಡುವುದಿಲ್ಲ. ದಾಖಲೆ ಇಲ್ಲದವರಿಗೆ ಮನೆ ಬಾಡಿಗೆಗೆ ಸಿಗುವುದೂ ಕಷ್ಟ. ಇದಕ್ಕೆ ಅಲ್ಲಿನ ಬ್ಯಾಂಕುಗಳ ಬಳಿ ಒಂದು ಉತ್ತರವಿದೆ: ಕೆಲವು ನೂರು ಡಾಲರ್ ಠೇವಣಿ ಇಟ್ಟುಕೊಂಡು, ಸಾಮಾನ್ಯವಾಗಿ ಅಷ್ಟೇ ಮಿತಿಯ ಕ್ರೆಡಿಟ್ ಕಾರ್ಡು ಕೊಡುವುದು. ತಪ್ಪಿದರೆ ಠೇವಣಿ ಹೋಗುತ್ತದೆ, ಸರಿಯಾಗಿ ಕಟ್ಟಿದರೆ ದಾಖಲೆ ಬೆಳೆಯುತ್ತದೆ. ನಿಶ್ಚಿತ ಠೇವಣಿಯ ಮೇಲೆ ಕಾರ್ಡು ಕೊಡುವ ಬ್ಯಾಂಕುಗಳು ನಮ್ಮಲ್ಲೂ ಇವೆ. ವಿದ್ಯಾರ್ಥಿಯ ಸ್ವಂತ ವಸ್ತುವೊಂದು ಅಡವು, ಸಾಲ ಅದಕ್ಕಿಂತ ಹೆಚ್ಚಲ್ಲ, ಅಪ್ಪನಿಗೆ ಕಾಗದವಿಲ್ಲ. ಬಡ್ಡಿಯೊಂದನ್ನು ಬಿಟ್ಟರೆ ಇದು ಗ್ರೋಸ್‌ಟೆಸ್ಟನ ಪೆಟ್ಟಿಗೆಯ ನಿಯಮವೇ. ಠೇವಣಿಗೂ ಹಣವಿಲ್ಲದವನ ಗತಿ ಏನೆಂದು ಕೇಳಿದರೆ, ಅವನಿಗೆ ಬೇಕಾದದ್ದು ಕಾರ್ಡಿಗಿಂತ ಮೊದಲು ಸಮಯಕ್ಕೆ ಸರಿಯಾಗಿ ಕೈಸೇರುವ ವಿದ್ಯಾರ್ಥಿವೇತನ.

ಉಳಿದಿರುವುದು ನಮ್ಮ ಕಾಲೇಜುಗಳ ಪ್ರಶ್ನೆ. ಕೇಳದವರಿಗೆ ಕಾರ್ಡು ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2022ರ ತನ್ನ ನಿರ್ದೇಶನಗಳಲ್ಲಿ ಹೇಳಿದೆ, ಆದರೆ ಅದರ ಮಾತು ತಲುಪುವುದು ಬ್ಯಾಂಕುಗಳಿಗೆ ಮತ್ತು ಸಾಲ ಕೊಡುವ ಕಂಪನಿಗಳಿಗೆ; ಪ್ರಾಂಶುಪಾಲರ ಕೊಠಡಿ ಅದರ ವ್ಯಾಪ್ತಿಯಲ್ಲಿಲ್ಲ. ಪ್ರವೇಶದ ದಿನ ಗುರುತಿನ ಚೀಟಿಯ ಜೊತೆಗೇ ಒಂದು ಬ್ಯಾಂಕಿನ ಖಾತೆಯನ್ನೂ ಕಾರ್ಡನ್ನೂ ತೆರೆಸುವ, ಉತ್ಸವಕ್ಕೆ ಹಣ ಕೊಟ್ಟ ಸಾಲದ ಕಂಪನಿಗೆ ಅಂಗಳದಲ್ಲಿ ಮೇಜು ಹಾಕಿಕೊಡುವ ಕಾಲೇಜು, ಆ ಒಪ್ಪಂದದ ಷರತ್ತುಗಳನ್ನೂ ಅದರಿಂದ ತನಗೆ ಬರುವ ಹಣವನ್ನೂ ಶುಲ್ಕದ ಪಟ್ಟಿಯ ಪಕ್ಕದಲ್ಲೇ ಸೂಚನಾ ಫಲಕಕ್ಕೆ ಹಾಕಬೇಕು. ಸರ್ಕಾರಿ ಅನುದಾನ ಪಡೆಯುವ ಕಾಲೇಜುಗಳಿಗೆ ವಿಶ್ವವಿದ್ಯಾಲಯ ಒಂದು ಸುತ್ತೋಲೆಯಲ್ಲಿ ಇದನ್ನು ಹೇಳಬಹುದು, ಖಾಸಗಿಯವಕ್ಕೆ ಸಂಯೋಜನೆ ಮುಂದುವರಿಸುವಾಗ ಷರತ್ತಾಗಿ ಹಾಕಬಹುದು. ಇದರಿಂದ ಬ್ಯಾಂಕುಗಳು ಕಾಲೇಜಿಗೆ ಕೊಡುವ ಹಣ ನಿಂತುಹೋಗುತ್ತದೆ, ಗ್ರಂಥಾಲಯಕ್ಕೋ ಆಟದ ಮೈದಾನಕ್ಕೋ ಬರುತ್ತಿದ್ದುದು ತಪ್ಪುತ್ತದೆ ಎಂದು ಆಡಳಿತ ಮಂಡಳಿಗಳು ಹೇಳಬಹುದು. ಷರತ್ತು ಬಹಿರಂಗವಾದ ಮಾತ್ರಕ್ಕೆ ನಿಲ್ಲುವ ಹಣವಾದರೆ, ಅದು ಬರುತ್ತಿದ್ದದ್ದು ಯಾವ ವಿದ್ಯಾರ್ಥಿಗಳ ಕಂತು ಮತ್ತು ಶುಲ್ಕಗಳಿಂದ ಎಂಬುದನ್ನು ಆ ಮಂಡಳಿಗಳೇ ಲೆಕ್ಕ ಹಾಕಿ ಹೇಳಲಿ.